ಗುಂಡಿ ಒತ್ತುವವನ ಕೈಯಲ್ಲಿ ಎಷ್ಟು ಸಮಯವಿದೆ? ಯುದ್ಧದಲ್ಲಿ ಕೃತಕ ಬುದ್ಧಿಮತ್ತೆ: ಪ್ರಶ್ನೋತ್ತರ

ನಿರ್ವಾಹಕರಿಂದ: ಈ ವಾರ ಉತ್ತರಿಸುವವರು ಸೇನೆಯ ವಾಯುರಕ್ಷಣಾ ದಳದಲ್ಲಿದ್ದು ಕರ್ನಲ್ ಆಗಿ ನಿವೃತ್ತರಾದ ನಮ್ಮ ಸದಸ್ಯರು. ರೇಡಾರ್ ಮತ್ತು ವಿಮಾನ ನಿರೋಧಕ ತೋಪುಗಳು ಅವರ ಕ್ಷೇತ್ರ. ಸೇವೆಯ ಗೋಪ್ಯ ವಿಷಯಗಳನ್ನು ದಯವಿಟ್ಟು ಕೇಳಬೇಡಿ.

ಪ್ರಶ್ನೆ (ಧಾರವಾಡ, ಎಂಜಿನಿಯರಿಂಗ್ ವಿದ್ಯಾರ್ಥಿನಿ): ಸರ್, ಮನುಷ್ಯನ ಅಪ್ಪಣೆ ಇಲ್ಲದೆ ತಾನೇ ಗುರಿ ಹುಡುಕಿ ಹೊಡೆಯುವ ಆಯುಧ ನಿಜವಾಗಿಯೂ ಇದೆಯೇ? ಅಥವಾ ಇದೆಲ್ಲ ಮುಂದಿನ ಕಾಲದ ಮಾತೇ?

ಉತ್ತರ: ಇದೆ. ನೀವು ಹುಟ್ಟುವುದಕ್ಕೆ ಎಷ್ಟೋ ಮೊದಲಿನಿಂದ ಇದೆ. ಅಮೆರಿಕದ ಯುದ್ಧನೌಕೆಗಳ ಮೇಲೆ 1980ರಿಂದಲೇ ಫ್ಯಾಲಂಕ್ಸ್ ಎಂಬ ತೋಪು ಇದೆ. ನೌಕೆಯತ್ತ ಬರುವ ಕ್ಷಿಪಣಿಯನ್ನು ಅದರ ರೇಡಾರೇ ಹಿಡಿಯುತ್ತದೆ, ಅದೇ ಗುರಿಯಿಟ್ಟು ಹೊಡೆಯುತ್ತದೆ. ಮನುಷ್ಯ ಯೋಚಿಸಿ ಹೇಳುವಷ್ಟರಲ್ಲಿ ನೌಕೆ ಉಳಿದಿರುವುದಿಲ್ಲ. ಇದಕ್ಕೆ ಯಾರೂ ಅಷ್ಟಾಗಿ ತಕರಾರು ಮಾಡಲಿಲ್ಲ, ಏಕೆಂದರೆ ನಡುಗಡಲಲ್ಲಿ ನೌಕೆಯ ಮೇಲೆ ಎರಗಿ ಬರುವ ಕ್ಷಿಪಣಿಯೊಳಗೆ ಮನುಷ್ಯರಿರುವುದಿಲ್ಲ.

ಆಮೇಲೆ ಇಸ್ರೇಲಿನ ಹಾರ್ಪಿ ಬಂದಿತು. ಶತ್ರುವಿನ ರೇಡಾರ್ ಅಲೆ ಸಿಗುವವರೆಗೆ ಆಕಾಶದಲ್ಲಿ ಸುತ್ತಾಡಿ, ಸಿಕ್ಕಿದ ಕೂಡಲೇ ಅದರ ಮೇಲೆ ಬಿದ್ದು ತಾನೂ ಸ್ಫೋಟಿಸುವ ಆತ್ಮಾಹುತಿ ಡ್ರೋನ್ ಅದು. ಅದರ ಮುಂದಿನ ಪೀಳಿಗೆಯ ಹಾರೋಪ್‌ನಲ್ಲಿ ಕೊನೆಯ ಗಳಿಗೆಯಲ್ಲೂ ದಾಳಿಯನ್ನು ರದ್ದು ಮಾಡಲು ಮನುಷ್ಯನಿಗೆ ಅವಕಾಶವಿದೆ. ಎರಡೂ ನಮ್ಮ ದೇಶದ ಬಳಿ ಇವೆ.

ಗುರಿಯೇ ಮನುಷ್ಯನಾದಾಗ ಮಾತು ಬೇರೆಯಾಗುತ್ತದೆ. 2021ರಲ್ಲಿ ವಿಶ್ವಸಂಸ್ಥೆಯ ತಜ್ಞರ ಸಮಿತಿ ಲಿಬಿಯಾದ ಬಗ್ಗೆ ಒಂದು ವರದಿ ಕೊಟ್ಟಿತು. 2020ರಲ್ಲಿ ಹಿಮ್ಮೆಟ್ಟುತ್ತಿದ್ದ, ಅಲ್ಲಿನ ಬಂಡಾಯ ಸೇನಾನಾಯಕ ಹಫ್ತಾರ್ ಅವರ ಪಡೆಗಳನ್ನು ಡ್ರೋನ್‌ಗಳು ಬೆನ್ನಟ್ಟಿದವು. ಟರ್ಕಿಯ ಕಾರ್ಗು-2ರಂತಹ ಆಯುಧಗಳನ್ನು ನಿಯಂತ್ರಕನ ಸಂಪರ್ಕವಿಲ್ಲದೆಯೂ ದಾಳಿ ಮಾಡುವಂತೆ ಸಿದ್ಧಪಡಿಸಲಾಗಿತ್ತು ಎಂದು ಅದರಲ್ಲಿತ್ತು. ಅವು ತಾವಾಗಿ ಯಾರನ್ನಾದರೂ ಕೊಂದವು ಎಂದು ವರದಿ ಖಚಿತವಾಗಿ ಹೇಳಲಿಲ್ಲ. ಪತ್ರಿಕೆಗಳು ಮಾತ್ರ ‘ಮೊದಲ ರೋಬಾಟ್ ಕೊಲೆ’ ಎಂದು ಬರೆದವು.

ಪ್ರಶ್ನೆ (ಹಾಸನ): ಅಮೆರಿಕದ ವಾಯುಪಡೆಯ ಡ್ರೋನ್ ಒಂದು, ತನ್ನನ್ನು ತಡೆದ ನಿಯಂತ್ರಕನನ್ನೇ ಕೊಂದಿತು ಎಂಬ ಸುದ್ದಿ ವಾಟ್ಸ್ಆ್ಯಪ್‌ನಲ್ಲಿ ಬಂದಿತ್ತು. ನಿಜವೇ?

ಉತ್ತರ: ನಿಜವಲ್ಲ. 2023ರ ಮೇ ತಿಂಗಳಲ್ಲಿ ಲಂಡನ್ನಿನ ಒಂದು ಸಮ್ಮೇಳನದಲ್ಲಿ ಅಮೆರಿಕದ ವಾಯುಪಡೆಯ ಅಧಿಕಾರಿಯೊಬ್ಬರು ಹೇಳಿದ ಮಾತು ಅದು. ಅಂತಹ ಪ್ರಯೋಗ ನಡೆದೇ ಇಲ್ಲ, ಹೀಗಾಗಬಹುದು ಎಂಬ ಊಹೆಯನ್ನಷ್ಟೇ ಹೇಳಿದ್ದೆ ಎಂದು ಅವರೇ ನಂತರ ಸ್ಪಷ್ಟಪಡಿಸಿದರು. ಇದನ್ನು ದಯವಿಟ್ಟು ಮುಂದೆ ಕಳುಹಿಸಬೇಡಿ. ಯಂತ್ರ ನಮ್ಮ ವಿರುದ್ಧ ದಂಗೆ ಏಳುತ್ತದೆ ಎಂಬ ಭಯದಲ್ಲಿ, ಹೇಳಿದ್ದನ್ನು ಹೇಳಿದಂತೆಯೇ ಮಾಡುವ ಯಂತ್ರ ಮಾಡಬಲ್ಲ ಅನಾಹುತ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಪ್ರಶ್ನೆ (ಶಿವಮೊಗ್ಗ, ನಿವೃತ್ತ ಶಿಕ್ಷಕ): ಕರ್ನಲ್ ಅವರೇ, ಕೊನೆಯ ಗುಂಡಿ ಮನುಷ್ಯನ ಕೈಯಲ್ಲೇ ಇರುತ್ತದೆ ಎಂದು ಎಲ್ಲ ದೇಶಗಳೂ ಹೇಳುತ್ತವೆ. ಹಾಗಿದ್ದ ಮೇಲೆ ಇಷ್ಟೊಂದು ಆತಂಕ ಏಕೆ?

ಉತ್ತರ: ಮೇಷ್ಟ್ರೇ, ಈ ಪ್ರಶ್ನೆ ಬರಲಿ ಎಂದೇ ಕಾಯುತ್ತಿದ್ದೆ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಸಹಿಸಿಕೊಳ್ಳಿ.

ವಾಯುರಕ್ಷಣೆಯಲ್ಲಿ ನಮಗೆ ಮೂರು ಆದೇಶಗಳಿರುತ್ತವೆ. ‘ವೆಪನ್ಸ್ ಹೋಲ್ಡ್’ ಎಂದರೆ ಆತ್ಮರಕ್ಷಣೆಗೆ ಅಥವಾ ವಿಶೇಷ ಆದೇಶ ಬಂದಾಗ ಮಾತ್ರ ಹೊಡೆಯಬೇಕು. ‘ವೆಪನ್ಸ್ ಟೈಟ್’ ಎಂದರೆ ಶತ್ರುವೆಂದು ಖಚಿತವಾದದ್ದನ್ನು ಮಾತ್ರ ಹೊಡೆಯಬೇಕು. ‘ವೆಪನ್ಸ್ ಫ್ರೀ’ ಎಂದರೆ ನಮ್ಮದಲ್ಲದ್ದನ್ನು ಹೊಡೆಯಬಹುದು. ರೇಡಾರಿನ ಪರದೆಯ ಮುಂದೆ ಕುಳಿತವನ ಕೆಲಸವೆಲ್ಲ ಒಂದೇ ಅನುಮಾನದ ಸುತ್ತ ತಿರುಗುತ್ತದೆ: ಈ ಚುಕ್ಕೆ ನಮ್ಮದೋ, ಅವರದೋ? ಅದನ್ನು ತೀರ್ಮಾನಿಸಲು ಅವನಿಗೆ ಸಿಗುವ ಸಮಯ ಕೆಲವೇ ಸೆಕೆಂಡುಗಳು, ಹೆಚ್ಚೆಂದರೆ ಒಂದೆರಡು ನಿಮಿಷ. ಹಾಗಾಗಿ ಗುಂಡಿ ಯಾರ ಕೈಯಲ್ಲಿದೆ ಎಂದು ಕೇಳಿದರೆ ಸಾಲದು. ಬೇಡ ಎನ್ನಲು ಅವನಿಗೆ ಎಷ್ಟು ಸಮಯವಿದೆ, ಯಂತ್ರ ಹೇಳಿದ್ದನ್ನು ಬಿಟ್ಟು ಬೇರೆ ಯಾವ ಮಾಹಿತಿ ಅವನ ಮುಂದಿದೆ ಎಂದು ಕೇಳಬೇಕು.

2003ರ ಇರಾಕ್ ಯುದ್ಧವನ್ನು ನೋಡಿ. ಮಾರ್ಚ್ 23ರಂದು ಕುವೈತಿಗೆ ಮರಳುತ್ತಿದ್ದ ಬ್ರಿಟನ್ನಿನ ಟೊರ್ನಾಡೊ ವಿಮಾನವನ್ನು ಅಮೆರಿಕದ ಪೇಟ್ರಿಯಟ್ ಎಂಬ ವಾಯುರಕ್ಷಣಾ ಕ್ಷಿಪಣಿ ವ್ಯವಸ್ಥೆ ರೇಡಾರಿನತ್ತ ನುಗ್ಗಿ ಬರುತ್ತಿರುವ ಶತ್ರು ಕ್ಷಿಪಣಿ ಎಂದು ಗುರುತಿಸಿತು. ವಿಮಾನದ ಮಿತ್ರ–ಶತ್ರು ಗುರುತಿನ ಸಂಕೇತ ಸಿಗಲಿಲ್ಲ. ಗುಂಡಿಯ ಮುಂದೆ ಮನುಷ್ಯರೇ ಕುಳಿತಿದ್ದರು, ಅವರು ಪರದೆಯನ್ನು ನಂಬಿದರು. ಇಬ್ಬರು ವೈಮಾನಿಕರು ಸತ್ತರು. ಹತ್ತು ದಿನಗಳ ನಂತರ ಅದೇ ವ್ಯವಸ್ಥೆ ಅಮೆರಿಕದ್ದೇ ಆದ ಎಫ್-18 ವಿಮಾನವನ್ನು ಕೆಡವಿ ಪೈಲಟ್‌ನನ್ನು ಬಲಿ ತೆಗೆದುಕೊಂಡಿತು.

ಇದಕ್ಕೆ ತದ್ವಿರುದ್ಧವಾದದ್ದೂ ನಡೆದಿದೆ. 1988ರ ಜುಲೈ 3ರಂದು ಅಮೆರಿಕದ ವಿನ್ಸೆನ್ಸ್ ನೌಕೆ ಇರಾನಿನ ಪ್ರಯಾಣಿಕ ವಿಮಾನವನ್ನು ಹೊಡೆದುರುಳಿಸಿತು. 290 ಜನರು ಸತ್ತರು. ವಿಮಾನ ಮೇಲೇರುತ್ತಿದೆ ಎಂದು ನೌಕೆಯ ಕಂಪ್ಯೂಟರ್ ಸರಿಯಾಗಿಯೇ ದಾಖಲಿಸಿತ್ತು. ಒತ್ತಡದಲ್ಲಿದ್ದ ಸಿಬ್ಬಂದಿ ಅದು ಕೆಳಗಿಳಿದು ದಾಳಿಗೆ ಬರುತ್ತಿದೆ ಎಂದು ಕೂಗಿದರು. ಹಾಗಾಗಿ ಮನುಷ್ಯನಿದ್ದರೆ ಸುರಕ್ಷಿತ, ಯಂತ್ರವಿದ್ದರೆ ಅಪಾಯ ಎಂಬ ಸರಳ ಲೆಕ್ಕವನ್ನು ನಾನು ಒಪ್ಪುವುದಿಲ್ಲ.

ನಮ್ಮ ಮನೆಯಲ್ಲೂ ಆಗಿದೆ. 2019ರ ಫೆಬ್ರುವರಿ 27ರಂದು, ಬಾಲಾಕೋಟ್ ದಾಳಿಯ ಮರುದಿನ, ಕಾಶ್ಮೀರದ ಬುದ್ಗಾಮ್‌ನಲ್ಲಿ ನಮ್ಮ ಎಂಐ-17 ಹೆಲಿಕಾಪ್ಟರ್ ನಮ್ಮದೇ ಕ್ಷಿಪಣಿಗೆ ಬಲಿಯಾಯಿತು. ವಾಯುಪಡೆಯ ಆರು ಮಂದಿ, ನೆಲದ ಮೇಲಿದ್ದ ಒಬ್ಬ ನಾಗರಿಕ ಪ್ರಾಣ ಕಳೆದುಕೊಂಡರು. ಅದೊಂದು ದೊಡ್ಡ ತಪ್ಪು ಎಂದು ಅದೇ ವರ್ಷ ಅಕ್ಟೋಬರಿನಲ್ಲಿ ವಾಯುಪಡೆಯ ಮುಖ್ಯಸ್ಥ ಭದೌರಿಯಾ ಅವರು ಒಪ್ಪಿಕೊಂಡರು. ಅಲ್ಲಿ ಕೃತಕ ಬುದ್ಧಿಮತ್ತೆಯ ಮಾತೇ ಇಲ್ಲ. ಆದರೆ ಆ ಕೆಲವು ನಿಮಿಷಗಳು ಎಂಥವು ಎಂದು ಪರದೆಯ ಮುಂದೆ ಕುಳಿತ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಈ ಘಟನೆಯನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಈಗ ಗಾಜಾಕ್ಕೆ ಬನ್ನಿ. 2024ರ ಏಪ್ರಿಲಿನಲ್ಲಿ ಇಸ್ರೇಲಿನ ಪತ್ರಕರ್ತರು ತಮ್ಮ ಸೇನೆಯ ‘ಲ್ಯಾವೆಂಡರ್’ ಎಂಬ ಕೃತಕ ಬುದ್ಧಿಮತ್ತೆ ವ್ಯವಸ್ಥೆಯ ಬಗ್ಗೆ ಗುಪ್ತಚರ ಸಿಬ್ಬಂದಿಯ ಮಾತುಗಳನ್ನು ಪ್ರಕಟಿಸಿದರು. ಅದು ಸುಮಾರು 37,000 ಜನರನ್ನು ಶಂಕಿತ ಉಗ್ರರೆಂದು ಗುರುತಿಸಿತ್ತು, ಒಂದೊಂದು ಹೆಸರನ್ನು ಒಪ್ಪಲು ಸಿಬ್ಬಂದಿ ಕೆಲವೊಮ್ಮೆ ಇಪ್ಪತ್ತು ಸೆಕೆಂಡ್ ಮಾತ್ರ ವ್ಯಯಿಸುತ್ತಿದ್ದರು, ಅದೂ ಗುರಿ ಗಂಡಸೇ ಎಂದು ನೋಡಿಕೊಳ್ಳುವುದಕ್ಕೆ. ಸುಮಾರು ಶೇ 10ರಷ್ಟು ತಪ್ಪಾಗುತ್ತದೆ ಎಂಬುದು ಅವರಿಗೆ ತಿಳಿದಿತ್ತು ಎಂದು ವರದಿ ಹೇಳುತ್ತದೆ. ಇಸ್ರೇಲ್ ಸೇನೆ ಇದನ್ನು ನಿರಾಕರಿಸಿದೆ. ಅದು ಮಾಹಿತಿಗಳನ್ನು ತಾಳೆ ನೋಡುವ ದತ್ತಾಂಶ ಸಂಗ್ರಹವಷ್ಟೇ, ಪ್ರತಿ ಗುರಿಯನ್ನೂ ವಿಶ್ಲೇಷಕರು ಪರಿಶೀಲಿಸುತ್ತಾರೆ ಎನ್ನುತ್ತದೆ. ಆದರೆ ಪತ್ರಕರ್ತರು ಬರೆದದ್ದರಲ್ಲಿ ಅರ್ಧ ನಿಜವಾಗಿದ್ದರೂ ಅಲ್ಲಿ ಮನುಷ್ಯನಿಗೆ ಉಳಿದಿದ್ದದ್ದು ಮುದ್ರೆ ಒತ್ತುವ ಕೆಲಸ. ಪೇಟ್ರಿಯಟ್ ಸಿಬ್ಬಂದಿಗೆ ಸಮಯವೇ ಇರಲಿಲ್ಲ. ಇಲ್ಲಿ ಮನೆಯಲ್ಲಿ ಮಲಗಿರುವವನ ಮೇಲೆ ಬಾಂಬ್ ಹಾಕುವುದಕ್ಕೆ ಅಂತಹ ಅವಸರ ಏನಿತ್ತು? ಇದ್ದ ಸಮಯವನ್ನೂ ಕೊಡದೆ ಹೋಗುವುದು ನನ್ನ ದೃಷ್ಟಿಯಲ್ಲಿ ಸೈನಿಕ ಧರ್ಮವಲ್ಲ.

ಪ್ರತಿಕ್ರಿಯೆ (ಬೆಂಗಳೂರು, ಸಾಫ್ಟ್‌ವೇರ್ ಉದ್ಯೋಗಿ): ಸರ್, ಶೇ 90 ಇರುವ ನಿಖರತೆಯನ್ನು ಶೇ 99ಕ್ಕೆ ಏರಿಸಿದರೆ ಸಮಸ್ಯೆ ಬಗೆಹರಿಯುವುದಿಲ್ಲವೇ? ನಮ್ಮ ಕೆಲಸದಲ್ಲಿ ಶೇ 99 ಎಂದರೆ ಅದ್ಭುತ.

ಉತ್ತರ: ಒಂದು ಲೆಕ್ಕ ಮಾಡೋಣ. ಒಂದು ಲಕ್ಷ ಜನರಿರುವ ಊರು. ಅದರಲ್ಲಿ 500 ಮಂದಿ ಶಸ್ತ್ರಧಾರಿಗಳು. ನಿಮ್ಮ ವ್ಯವಸ್ಥೆ ಎರಡೂ ಕಡೆ ಶೇ 99 ಸರಿ ಎಂದಿಟ್ಟುಕೊಳ್ಳಿ. 500ರಲ್ಲಿ 495 ಮಂದಿಯನ್ನು ಹಿಡಿಯುತ್ತದೆ. ಉಳಿದ 99,500 ನಿರಪರಾಧಿಗಳಲ್ಲಿ ಶೇ 1, ಅಂದರೆ 995 ಜನರನ್ನೂ ಶಸ್ತ್ರಧಾರಿಗಳೆಂದು ತೋರಿಸುತ್ತದೆ. ಪಟ್ಟಿಯಲ್ಲಿರುವ 1,490 ಹೆಸರುಗಳಲ್ಲಿ ಮೂರರಲ್ಲಿ ಎರಡು ಪಾಲು ತಪ್ಪು. ಹುಡುಕುವ ವಸ್ತು ವಿರಳವಾದಷ್ಟೂ ಈ ಲೆಕ್ಕ ಇನ್ನೂ ಕೆಡುತ್ತದೆ.

ಇನ್ನೊಂದು ವಿಷಯ. ಆ ಶೇ 99 ಎಲ್ಲಿ ಅಳೆದದ್ದು? ಮರುಭೂಮಿಯಲ್ಲಿ ತೆಗೆದ ಟ್ಯಾಂಕಿನ ಚಿತ್ರಗಳಿಂದ ಕಲಿತ ವ್ಯವಸ್ಥೆ ಹಿಮದಲ್ಲಿ, ಬಲೆ ಹೊದ್ದ ಮರದ ಕೆಳಗೆ, ಮಂಜಿನ ಮುಂಜಾವಿನಲ್ಲಿ ಅದೇ ಅಂಕ ಪಡೆಯುವುದಿಲ್ಲ. ಜೊತೆಗೆ ಶತ್ರು ಸುಮ್ಮನೆ ಕುಳಿತಿರುವುದಿಲ್ಲ. ಉಕ್ರೇನ್, ರಷ್ಯಾ ಎರಡೂ ಮರದ ಮತ್ತು ಗಾಳಿ ತುಂಬಿದ ನಕಲಿ ಶಸ್ತ್ರಗಳನ್ನು ಸಾಲಾಗಿ ನಿಲ್ಲಿಸುತ್ತಿವೆ.

ಪ್ರಶ್ನೆ (ಮಂಗಳೂರು): ಉಕ್ರೇನ್‌ನಲ್ಲಿ ಡ್ರೋನ್‌ಗಳನ್ನು ಮನುಷ್ಯರೇ ನಡೆಸುತ್ತಾರಲ್ಲವೇ? ಅಲ್ಲಿ ಕೃತಕ ಬುದ್ಧಿಮತ್ತೆಗೆ ಏನು ಕೆಲಸ?

ಉತ್ತರ: ಹೆಚ್ಚಿನವನ್ನು ಮನುಷ್ಯರೇ ಕ್ಯಾಮೆರಾ ನೋಡುತ್ತ ನಡೆಸುತ್ತಾರೆ. ಅಡ್ಡಿಯಾಗುವುದು ಜಾಮಿಂಗ್. ಗುರಿ ಹತ್ತಿರವಾದಂತೆ ಶತ್ರುವಿನ ಜಾಮರ್ ರೇಡಿಯೊ ಸಂಪರ್ಕವನ್ನು ಕಡಿದುಹಾಕುತ್ತದೆ. ಇದಕ್ಕೆ ಎರಡು ಮದ್ದು ಹುಡುಕಿದ್ದಾರೆ. ಒಂದು, ಕಿಲೋಮೀಟರ್‌ಗಟ್ಟಲೆ ತೆಳುವಾದ ಆಪ್ಟಿಕಲ್ ಫೈಬರ್ ಬಿಚ್ಚಿಕೊಳ್ಳುತ್ತ ಹಾರುವ ಡ್ರೋನ್. ಅದನ್ನು ಜಾಮ್ ಮಾಡಲಾಗದು. ಇನ್ನೊಂದು, ಮನುಷ್ಯ ಗುರಿಯನ್ನು ಪರದೆಯಲ್ಲಿ ಗುರುತು ಮಾಡಿಕೊಟ್ಟ ಮೇಲೆ ಕೊನೆಯ ಕೆಲವು ನೂರು ಮೀಟರ್‌ಗಳನ್ನು ಡ್ರೋನೇ ನೋಡಿಕೊಳ್ಳುವುದು. 2025ರ ಜೂನ್ 1ರಂದು ಉಕ್ರೇನ್ ಲಾರಿಗಳಲ್ಲಿ ಅಡಗಿಸಿ ಒಯ್ದ 117 ಡ್ರೋನ್‌ಗಳಿಂದ ರಷ್ಯಾದೊಳಗಿನ ವಾಯುನೆಲೆಗಳಿಗೆ ಹೊಡೆದಾಗಲೂ, ಸಂಪರ್ಕ ತಪ್ಪಿದ ಡ್ರೋನ್‌ಗಳನ್ನು ಕೃತಕ ಬುದ್ಧಿಮತ್ತೆ ಮುನ್ನಡೆಸಿತು ಎಂದು ಅದರ ಭದ್ರತಾ ಸಂಸ್ಥೆ ಹೇಳಿಕೊಂಡಿತು.

ಗಮನಿಸಿ, ಯಾವ ತತ್ವವಾದಿಯೂ ಅಲ್ಲಿ ಸ್ವಾಯತ್ತ ಆಯುಧ ಬೇಕು ಎಂದು ನಿರ್ಧರಿಸಲಿಲ್ಲ. ಜಾಮರ್ ಬಂದಿತು, ಅದಕ್ಕೆ ಉತ್ತರ ಬೇಕಾಯಿತು. ಇಂದು ಕೊನೆಯ ಕೆಲವು ನೂರು ಮೀಟರ್ ಯಂತ್ರದ್ದು, ನಾಳೆ ಕೊನೆಯ ಹತ್ತು ಕಿಲೋಮೀಟರ್.

ಪ್ರಶ್ನೆ (ಗೋಕಾಕ, ಸೈನಿಕನ ತಾಯಿ): ಸಾಹೇಬರೇ, ನನ್ನ ಮಗ ಗಡಿಯಲ್ಲಿದ್ದಾನೆ. ಯಂತ್ರಗಳು ಬಂದರೆ ನಮ್ಮ ಮಕ್ಕಳ ಜೀವ ಉಳಿಯುತ್ತದೆ ಅಲ್ಲವೇ? ನನಗೆ ಅಷ್ಟು ಸಾಕು.

ಉತ್ತರ: ಅಮ್ಮಾ, ಹಲವು ಕೆಲಸಗಳಲ್ಲಿ ಖಂಡಿತ ಉಳಿಯುತ್ತದೆ. ಬಾಂಬ್ ಪತ್ತೆಯಾದಾಗ ಹಿಂದೆ ಒಬ್ಬ ಜವಾನನೇ ಹತ್ತಿರ ಹೋಗಬೇಕಿತ್ತು. ಈಗ ಡಿಆರ್‌ಡಿಒ ರೂಪಿಸಿದ ‘ದಕ್ಷ’ ರೋಬಾಟ್ ಹೋಗುತ್ತದೆ. 2025ರ ಜನವರಿಯಲ್ಲಿ ಪುಣೆಯ ಸೇನಾ ದಿನದ ಪಥಸಂಚಲನದಲ್ಲಿ ನಾಲ್ಕು ಕಾಲಿನ ರೋಬಾಟ್‌ಗಳು ನಡೆದವು. ಕಡಿದಾದ ಜಾಗದಲ್ಲಿ ಹೊರೆ ಒಯ್ಯಲು, ಮುಂದೆ ಏನಿದೆ ಎಂದು ನೋಡಲು ಅವು ಬೇಕು. ಇಂಥವು ಇನ್ನಷ್ಟು ಬರಲಿ ಎಂದು ನಾನು ಮನಸಾರೆ ಬಯಸುತ್ತೇನೆ.

ಆದರೆ ಯಂತ್ರ ಎದುರಿನವರ ಬಳಿಯೂ ಇರುತ್ತದೆ ಎಂಬುದನ್ನು ನಿಮ್ಮಿಂದ ಮುಚ್ಚಿಡಲಾರೆ. ಉಕ್ರೇನ್‌ನಲ್ಲಿ ಮುಂಚೂಣಿಯಿಂದ ಹಲವು ಕಿಲೋಮೀಟರ್ ಹಿಂದಿನ ರಸ್ತೆಗಳಲ್ಲೂ ಹಗಲಿನಲ್ಲಿ ಓಡಾಡುವುದು ಅಪಾಯವಾಗಿದೆ, ರಸ್ತೆಯ ಮೇಲೆ ಬಲೆಯ ಚಪ್ಪರ ಕಟ್ಟಿದ್ದಾರೆ. ಗಾಯಗೊಂಡವನನ್ನು ಹೊರತರಲು ಆಂಬುಲೆನ್ಸ್ ಹೋಗಲಾಗದೆ ಚಕ್ರದ ರೋಬಾಟ್‌ಗಳನ್ನು ಕಳುಹಿಸುತ್ತಿದ್ದಾರೆ. ಸೈನಿಕನ ಕೆಲಸ ಕಡಿಮೆಯಾಗಿಲ್ಲ, ಅವನಿಗೆ ಅಡಗಲು ಜಾಗ ಕಡಿಮೆಯಾಗಿದೆ. ಅದಕ್ಕೇ ಡ್ರೋನ್ ನಿರೋಧಕ ವ್ಯವಸ್ಥೆ ನಮ್ಮ ಪ್ರತಿ ತುಕಡಿಗೂ ತಲುಪಬೇಕು ಎಂದು ನಾನು ಎಲ್ಲಿ ಅವಕಾಶ ಸಿಕ್ಕರೂ ಹೇಳುತ್ತೇನೆ. 2025ರ ಮೇ ತಿಂಗಳಲ್ಲಿ ಪಾಕಿಸ್ತಾನದ ಡ್ರೋನ್‌ಗಳು ಬಂದಾಗ ನಮ್ಮ ಹಳೆಯ ಎಲ್-70 ತೋಪುಗಳೂ ಅವುಗಳನ್ನು ಉರುಳಿಸಿದವು. ಹಲವು ರೇಡಾರ್‌ಗಳ ಚಿತ್ರವನ್ನು ಒಂದೇ ಪರದೆಗೆ ತರುವ, ಬೆಂಗಳೂರಿನ ಬಿಇಎಲ್ ತಯಾರಿಸಿದ ‘ಆಕಾಶತೀರ್’ ನೆರವಾಯಿತು. ಈ ಬಗೆಯ ಯಂತ್ರ ನನಗೆ ಇಷ್ಟ, ಏಕೆಂದರೆ ಅದು ತೋಪಿನವನಿಗೆ ಯೋಚಿಸಲು ಸಮಯ ಉಳಿಸಿಕೊಡುತ್ತದೆ. ನಿಮ್ಮ ಮಗ ಕ್ಷೇಮವಾಗಿ ಬರಲಿ.

ಪ್ರಶ್ನೆ (ಕಲಬುರಗಿ, ವಕೀಲೆ): ಯಂತ್ರ ತಪ್ಪಾಗಿ ಕೊಂದರೆ ಹೊಣೆ ಯಾರದು? ಭಾರತದ ನಿಲುವೇನು?

ಉತ್ತರ: ಬುದ್ಗಾಮ್ ಪ್ರಕರಣದಲ್ಲಿ ತನಿಖೆ ನಡೆದು ಅಧಿಕಾರಿಗಳನ್ನು ಹೊಣೆ ಮಾಡಲು ಸಾಧ್ಯವಾಯಿತು. ಏಕೆಂದರೆ ಆದೇಶ ಕೊಟ್ಟವರು, ಹೊಡೆದವರು ಇದ್ದರು. ತಂತ್ರಾಂಶವೇ ಗುರಿ ಆರಿಸಿದರೆ ಕಮಾಂಡರ್ ಕಂಪನಿಯತ್ತ ಬೆರಳು ತೋರಿಸುತ್ತಾನೆ, ಕಂಪನಿ ಕಮಾಂಡರ್‌ನತ್ತ.

ಜಿನೀವಾದಲ್ಲಿ ವಿಶ್ವಸಂಸ್ಥೆಯ ವೇದಿಕೆಯೊಂದರಲ್ಲಿ ಈ ಚರ್ಚೆ ವರ್ಷಗಳಿಂದ ನಡೆಯುತ್ತಿದೆ. 2017 ಮತ್ತು 2018ರಲ್ಲಿ ಅದರ ಅಧ್ಯಕ್ಷತೆ ವಹಿಸಿದ್ದವರು ನಮ್ಮ ರಾಜತಾಂತ್ರಿಕ ಅಮನ್‌ದೀಪ್ ಸಿಂಗ್ ಗಿಲ್. ಹೊಣೆಯನ್ನು ಯಂತ್ರಕ್ಕೆ ವರ್ಗಾಯಿಸುವಂತಿಲ್ಲ ಎಂಬುದು 2019ರಲ್ಲಿ ಒಪ್ಪಿದ 11 ಮಾರ್ಗದರ್ಶಿ ತತ್ವಗಳಲ್ಲಿ ಒಂದು. ಆದರೆ ಅವು ಯಾರನ್ನೂ ಕಟ್ಟಿಹಾಕುವುದಿಲ್ಲ. 2023ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಈ ಆಯುಧಗಳ ಕುರಿತ ನಿರ್ಣಯಕ್ಕೆ 152 ದೇಶಗಳು ಬೆಂಬಲ ಕೊಟ್ಟಾಗ ಭಾರತ ವಿರೋಧವಾಗಿ ಮತ ಹಾಕಿತು. ಚರ್ಚೆಗೆ ಜಿನೀವಾವೇ ತಕ್ಕ ವೇದಿಕೆ ಎಂಬುದು ನಮ್ಮ ವಾದ. ಎದುರಿಗೆ ಚೀನಾ ಇರುವಾಗ ಕೈ ಕಟ್ಟಿಕೊಳ್ಳಲು ಹಿಂಜರಿಯುವುದು ನನಗೆ ಅರ್ಥವಾಗುತ್ತದೆ. ಆದರೆ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಕಾಯದೆ ನಮಗೆ ನಾವೇ ನಿಯಮ ಹಾಕಿಕೊಳ್ಳಬಹುದಲ್ಲ? 2024ರ ಅಕ್ಟೋಬರಿನಲ್ಲಿ ರಕ್ಷಣಾ ಕ್ಷೇತ್ರದ ಕೃತಕ ಬುದ್ಧಿಮತ್ತೆಯ ವಿಶ್ವಾಸಾರ್ಹತೆ ಅಳೆಯುವ ಚೌಕಟ್ಟೊಂದನ್ನು ಸರ್ಕಾರ ಬಿಡುಗಡೆ ಮಾಡಿದೆ. ಒಳ್ಳೆಯ ಆರಂಭ. ಅದಕ್ಕೆ ಕಾನೂನಿನ ಬಲ ಬರಬೇಕು. ಮನುಷ್ಯರನ್ನೇ ಗುರಿಯಾಗಿಸುವ ಯಾವ ಆಯುಧವೂ ಮನುಷ್ಯನ ಪರಿಶೀಲನೆಯಿಲ್ಲದೆ ಹಾರಬಾರದು ಎಂಬ ಒಂದು ಸಾಲು ಅದರಲ್ಲಿ ಇರಬೇಕು ಎಂಬುದು ನನ್ನ ಆಗ್ರಹ.

ಪ್ರಶ್ನೆ (ತುಮಕೂರು, ಕೊನೆಯ ವರ್ಷದ ವಿದ್ಯಾರ್ಥಿ): ಸರ್, ಬೆಂಗಳೂರಿನ ಒಂದು ಡ್ರೋನ್ ಕಂಪನಿಯಲ್ಲಿ ಕೆಲಸ ಸಿಕ್ಕಿದೆ. ಇಷ್ಟೆಲ್ಲ ಓದಿದ ಮೇಲೆ ಸೇರಬೇಕೋ ಬೇಡವೋ ಎಂದು ಗೊಂದಲವಾಗಿದೆ.

ಉತ್ತರ: ಸೇರಿ. ಈ ಕ್ಷೇತ್ರದ ದೊಡ್ಡ ಪಾಲು ಕೆಲಸ ನಡೆಯುವುದೇ ನಮ್ಮ ರಾಜ್ಯದಲ್ಲಿ. ಡಿಆರ್‌ಡಿಒದ ಕೃತಕ ಬುದ್ಧಿಮತ್ತೆ ಮತ್ತು ರೋಬಾಟಿಕ್ಸ್ ಕೇಂದ್ರ 1986ರಿಂದ ಬೆಂಗಳೂರಿನಲ್ಲಿದೆ. ಡ್ರೋನ್ ಪರೀಕ್ಷೆಗೆ ಚಳ್ಳಕೆರೆಯಲ್ಲಿ ಹಾರಾಟ ವಲಯವೇ ಇದೆ. ನಿಮ್ಮಂತೆ ಯೋಚಿಸುವವರು ದೂರ ನಿಂತರೆ ಯೋಚಿಸದವರು ಆ ತಂತ್ರಾಂಶವನ್ನು ಬರೆಯುತ್ತಾರೆ.

ಆಯ್ಕೆ ಇದ್ದರೆ ಪರೀಕ್ಷಾ ವಿಭಾಗವನ್ನು ಕೇಳಿ. 2023ರ ಆಗಸ್ಟ್‌ನಲ್ಲಿ ಪರೀಕ್ಷಾ ಹಾರಾಟದಲ್ಲಿದ್ದ ಡಿಆರ್‌ಡಿಒದ ‘ತಪಸ್’ ಡ್ರೋನ್ ಹಿರಿಯೂರು ತಾಲ್ಲೂಕಿನ ಹೊಲದಲ್ಲಿ ಬಿದ್ದದ್ದು ನಿಮಗೆ ನೆನಪಿರಬಹುದು. ಹೊಲದಲ್ಲಿ ಬಿದ್ದು ಕಲಿಯುವುದು ಯುದ್ಧದಲ್ಲಿ ಬಿದ್ದು ಕಲಿಯುವುದಕ್ಕಿಂತ ಎಷ್ಟೋ ಮೇಲು. ಮೊದಲ ವಾರವೇ ಮೂರು ವಿಷಯ ವಿಚಾರಿಸಿ: ಹಾರಿಬಿಟ್ಟ ಮೇಲೆ ದಾಳಿ ರದ್ದು ಮಾಡುವ ಆದೇಶ ಎಲ್ಲಿಯವರೆಗೆ ಕೆಲಸ ಮಾಡುತ್ತದೆ, ಸಂಪರ್ಕ ಕಡಿದರೆ ಡ್ರೋನ್ ಮುಂದುವರಿಯುತ್ತದೋ ಹಿಂದಿರುಗುತ್ತದೋ, ಗುರಿಯನ್ನು ಏಕೆ ಆರಿಸಿತು ಎಂಬುದರ ದಾಖಲೆ ಉಳಿಯುತ್ತದೋ ಇಲ್ಲವೋ. ಕೊನೆಯದಕ್ಕೆ ‘ಇಲ್ಲ’ ಎಂಬ ಉತ್ತರ ಬಂದರೆ ಆ ದಾಖಲೆ ಬರೆಯುವ ಕೆಲಸವನ್ನು ನೀವೇ ಕೇಳಿ ಪಡೆದುಕೊಳ್ಳಿ.