ಜೇಡ್ ಬಳ್ಳಿ ಚಪ್ಪರ ತುಂಬಿದೆ, ಹೂ ಮಾತ್ರ ಇಲ್ಲ

ದರೆಮೇಲಿನ ಮನೆ (ತೀರ್ಥಹಳ್ಳಿ)

ನಮಸ್ಕಾರ. ನರ್ಸರಿಯಿಂದ ತಂದ ಜೇಡ್ ಬಳ್ಳಿಯನ್ನು ಬಾವಿಕಟ್ಟೆ ಪಕ್ಕ ನೆಟ್ಟು ಮೂರ್ನಾಲ್ಕು ವರ್ಷವಾಯ್ತು. ಅಡಿಕೆ ದಬ್ಬೆಯ ಚಪ್ಪರ ಪೂರ್ತಿ ಮುಚ್ಚಿದೆ. ಒಂದು ಹೂವೂ ಇಲ್ಲ. ಸಗಣಿ ಗೊಬ್ಬರ ಧಾರಾಳವಾಗಿ ಹಾಕುತ್ತೇವೆ. ಹೆಂಚಿನ ಮೇಲೆ ಹತ್ತುತ್ತದೆ ಅಂತ ಪ್ರತಿ ವರ್ಷ ದೀಪಾವಳಿ ಕಳೆದ ಮೇಲೆ ನಮ್ಮನೆಯವರು ಕತ್ತಿಯಲ್ಲಿ ಸವರಿಬಿಡುತ್ತಾರೆ. "ಗೊಡ್ಡು ಬಳ್ಳಿ, ಕಿತ್ತು ಮಲ್ಲಿಗೆ ಹಬ್ಬಿಸು" ಅಂತ ಅತ್ತೆಯ ವರಾತ. ನಮ್ಮ ಹವಾ ಇದಕ್ಕೆ ಆಗುವುದಿಲ್ವಾ? ಅಥವಾ ನರ್ಸರಿಯವರು ಬೇರೆ ಏನೋ ಕೊಟ್ಟರಾ? ಫೋಟೋದಲ್ಲಿರುವ ಆ ನೀಲಿ-ಹಸಿರು ಬಣ್ಣ ನಿಜವೇ ಅಂತ ಮಗನಿಗೆ ಬೇರೆ ಅನುಮಾನ!

ಮಕಿಲಿಂಗ್ ತಪ್ಪಲು (ಲೊಸ್ ಬಾನ್ಯೊಸ್, ಫಿಲಿಪ್ಪೀನ್ಸ್)

ಅಕ್ಕಾ, ಕೀಳಬೇಡಿ. ನಾನಿರುವುದು ಈ ಬಳ್ಳಿಯ ತವರಿನಲ್ಲೇ. ನಮ್ಮನೆಯವರಿಗೆ ಇಲ್ಲಿನ ಭತ್ತದ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ. ಊರಿನ ಬೆನ್ನಿಗೇ ಮಕಿಲಿಂಗ್ ಬೆಟ್ಟವಿದೆ, ಸುಮಾರು 1,090 ಮೀಟರ್ ಎತ್ತರ. ಬೆಟ್ಟವನ್ನು ಮರಿಯಾ ಮಕಿಲಿಂಗ್ ಎಂಬ ದೇವತೆ ಕಾಯುತ್ತಾಳೆ ಅಂತ ಇಲ್ಲಿಯವರ ನಂಬಿಕೆ. ನಮ್ಮ ಕಡೆಯ ಬನದಮ್ಮಂದಿರ ಥರವೇ. ಕಾಡು ಉಳಿದಿದ್ದರಲ್ಲಿ ಅವಳ ಪಾಲೂ ಇರಬಹುದು ಬಿಡಿ.

ಇದು ಕಾಡಿನಲ್ಲಿ ಹೇಗೆ ಬದುಕುತ್ತದೆ ಅಂತ ಒಮ್ಮೆ ನೋಡಿದರೆ ನಿಮ್ಮ ಚಪ್ಪರದಲ್ಲಿ ಏನು ಕೊರತೆ ಅಂತ ತಿಳಿಯುತ್ತದೆ. ಹಳ್ಳದ ಬದಿ, ಕಂದಕದ ತೇವದಲ್ಲಿ ಬೇರು. ಅಲ್ಲಿ ನೆರಳು, ತಂಪು. ಬಳ್ಳಿ ಮಾತ್ರ ದೊಡ್ಡ ಮರ ಸುತ್ತಿಕೊಂಡು ಬಿಸಿಲು ಹುಡುಕಿ ಮೇಲೆ ಹೋಗುತ್ತದೆ. 18 ಮೀಟರ್‌ವರೆಗೂ ಬೆಳೆಯುತ್ತದೆ. ಎಲೆಯೆಲ್ಲ ಮೇಲೆ, ಹೂಗೊಂಚಲು ಮಾತ್ರ ಕೆಳಗೆ, ಎಲೆಗಳ ಅಡಿಯ ಖಾಲಿ ಜಾಗದಲ್ಲಿ ನೇತಾಡುತ್ತದೆ. ಯಾಕೆ ಗೊತ್ತಾ? ಇದರ ಗಿರಾಕಿ ಬಾವಲಿ. ರಾತ್ರಿ ಎಲೆಗೆ ರೆಕ್ಕೆ ತಾಗದ ಹಾಗೆ ಹಾರಿ ಬಂದು, ಗೊಂಚಲಿಗೆ ತಲೆಕೆಳಗಾಗಿ ಜೋತುಬಿದ್ದು ಮಕರಂದ ಹೀರುತ್ತದೆ. ಗಿಳಿ ಕೊಕ್ಕಿನ ಹಾಗೆ ಬಾಗಿದ ಹೂವು ಆಗ ಅದರ ತಲೆಗೆ ಪರಾಗ ಸವರುತ್ತದೆ. ಮುಂದಿನ ಹೂವಿಗೆ ಹೋದಾಗ ಅದೇ ಪರಾಗ ಅಲ್ಲಿಗೆ.

ಈಗ ನಿಮ್ಮ ವಿಷಯ. ಕತ್ತಿ ಮೊದಲು ಅಟ್ಟಕ್ಕೆ ಹಾಕಿಸಿ. ಬುಡದ ಬಳ್ಳಿ ಹೆಬ್ಬೆರಳಷ್ಟು ದಪ್ಪ ಆಗುವವರೆಗೆ ಇದು ಹೂವಿನ ಮಾತೇ ಎತ್ತುವುದಿಲ್ಲ. ಬಲಿತ ಬಳ್ಳಿಯನ್ನು ಪ್ರತಿ ವರ್ಷ ಸವರಿದರೆ ಅದಕ್ಕೆ ಪ್ರತಿ ವರ್ಷವೂ ಹೊಸ ಬಾಳು. ಇಲ್ಲಿ ಹೂ ಬರುವುದು ಹೆಚ್ಚಾಗಿ ಬೇಸಿಗೆಯಲ್ಲಿ, ಅಂದರೆ ನೀವು ದೀಪಾವಳಿಗೆ ಸವರಿದಾಗ ಮುಂದಿನ ಹೂವನ್ನೇ ಸವರಿದ ಹಾಗೆ. ಸವರಲೇಬೇಕು ಅಂದರೆ ಹೂ ಮುಗಿದ ಮೇಲೆ, ಒಣಗಿದ್ದು, ಸೊರಗಿದ್ದು ಮಾತ್ರ. ಸಗಣಿ ಗೊಬ್ಬರವನ್ನೂ ಕಡಿಮೆ ಮಾಡಿ. ಇದು ಅವರೆ, ಹೆಸರುಕಾಳಿನ ಕುಟುಂಬದ್ದು, ಸಾರಜನಕ ಜಾಸ್ತಿಯಾದರೆ ಎಲೆಯಲ್ಲೇ ಮೈಮರೆಯುತ್ತದೆ. ಒಲೆಯ ಬೂದಿ ಒಂದಷ್ಟು ಹಾಕಿ. ಬುಡಕ್ಕೆ ದರಗು ಹೊದಿಸಿ. ನೀರು ನಿಲ್ಲಬಾರದು, ಒಣಗಲೂಬಾರದು.

ಇನ್ನೊಂದು. ದಬ್ಬೆ ಚಪ್ಪರ ಇದಕ್ಕೆ ಸಾಲುವುದಿಲ್ಲ. ಇದು ಮರವಾಗುವ ಬಳ್ಳಿ, ಒಂದು ಮಳೆಗಾಲದಲ್ಲಿ ಎಲ್ಲ ನೆಲಕ್ಕೆ ಕೂರುತ್ತದೆ. ಕಬ್ಬಿಣದ ಪೈಪ್ ಹಾಕಿಸಿ. ಆಳೆತ್ತರಕ್ಕಿಂತ ಮೇಲಿರಲಿ. ಗೊಂಚಲು ಒಂದು ಮೀಟರ್ ಹತ್ತಿರ ಇಳಿಯುತ್ತದೆ, ಕೆಳಗೆ ಜಾಗ ಬೇಡವಾ?

ಹವಾ ಬಗ್ಗೆ ಚಿಂತೆ ಬೇಡ. ರಾತ್ರಿ ಚಳಿ 15 ಡಿಗ್ರಿಗಿಂತ ಕೆಳಗೆ ಇಳಿಯುವ ದಿನಗಳಲ್ಲಿ ಸ್ವಲ್ಪ ಮಂಕಾದೀತು, ಅಷ್ಟೇ.

ಪುತ್ತೂರು ಭಟ್ರು

ಮಾರಾಯ್ರೆ, ನರ್ಸರಿಯವರನ್ನೂ ಒಮ್ಮೆ ಅನುಮಾನಿಸಿ. ಕೆಂಪು ಜೇಡ್ ಅಂತ ಮಾರುವುದು ಬೇರೆಯೇ ಗಿಡ. ನ್ಯೂಗಿನಿ ಕಾಡಿನದ್ದು, ನಮ್ಮ ನಸುಗುನ್ನಿಯ ಜಾತಿ. ಹೂವಿಲ್ಲದೆ ನೋಡಿದರೆ ಎರಡಕ್ಕೂ ಮೂರು ಮೂರು ಎಲೆ. ನಿಮ್ಮದರ ಚಿಗುರು ಯಾವ ಬಣ್ಣ?

ದರೆಮೇಲಿನ ಮನೆ

ಚಿಗುರು ಕಂದು-ನೇರಳೆ, ಆಮೇಲೆ ಹಸಿರಾಗುತ್ತದೆ. ಬುಡ ನೋಡಿದೆ, ಹೆಬ್ಬೆರಳಿಗೆ ಇನ್ನೂ ಸ್ವಲ್ಪ ಕಮ್ಮಿ. ಕತ್ತಿ ಅಟ್ಟ ಸೇರಿತು. ಬಣ್ಣದ ಬಗ್ಗೆ ಹೇಳಲೇ ಇಲ್ಲ ನೀವು.

ಮಕಿಲಿಂಗ್ ತಪ್ಪಲು

ಹಾಗಾದರೆ ನಿಮ್ಮದು ಸರಿಯಾದ ಜೇಡ್ ಬಳ್ಳಿಯೇ ಇರಬೇಕು.

ಬಣ್ಣ ನೂರಕ್ಕೆ ನೂರು ನಿಜ. ಫೋಟೋ ಒಮ್ಮೊಮ್ಮೆ ಕಮ್ಮಿಯೇ ತೋರಿಸುತ್ತದೆ. ಮಗನಿಗೆ ವಿಜ್ಞಾನ ಇಷ್ಟವಿದ್ದರೆ ಇದನ್ನು ಹೇಳಿ. ಹೂವಿನಲ್ಲಿ ಮಾಲ್ವಿನ್, ಸಪೋನರಿನ್ ಅಂತ ಎರಡು ವಸ್ತುಗಳಿವೆ, ಒಂದು ಪಾಲಿಗೆ ಒಂಬತ್ತು ಪಾಲು. ಮಾಲ್ವಿನ್ ಒಂದೇ ಇದ್ದರೆ ಈ ಬಣ್ಣ ಬರುವುದಿಲ್ಲ. ದಳದ ಹೊರಪದರದ ರಸ ಸ್ವಲ್ಪ ಕ್ಷಾರ, ಪಿಎಚ್ 7.9. ಒಳಗಿನ ಪದರ ಮಾತ್ರ ಆಮ್ಲವೇ. ಆ ಕ್ಷಾರದಲ್ಲಿ ಎರಡೂ ಜೋಡಿಯಾದಾಗಲೇ ಈ ನೀಲಿ-ಹಸಿರು. ಉದುರಿ ಒಣಗುತ್ತಾ ಹೂವು ನೇರಳೆಗೆ ತಿರುಗುತ್ತದೆ. ಹವಾಯಿಯಲ್ಲಿ ಇದನ್ನು ಪೋಣಿಸಿ ಹಾರ ಮಾಡುತ್ತಾರೆ. ಇಲ್ಲಿ ಇದರ ಹೆಸರು ತಾಯಬಕ್.

ಜಯನಗರದ ತಾರಸಿ

ಹೊರಗಿನ ಬಳ್ಳಿ ಯಾಕೆ ಬೇಕು? ನಮ್ಮ ಪಶ್ಚಿಮ ಘಟ್ಟದ ಥನ್‌ಬರ್ಜಿಯಾ ಮೈಸೊರೆನ್ಸಿಸ್ ಇಲ್ವಾ? ಹಳದಿ-ಕೆಂಪು ಹೂವು ಮಾಲೆಮಾಲೆಯಾಗಿ ಇಳಿಯುತ್ತದೆ, ಸೂರಕ್ಕಿಗಳು ಮುತ್ತುತ್ತವೆ. ಇಷ್ಟು ಸತಾಯಿಸುವುದೂ ಇಲ್ಲ.

ಮಕಿಲಿಂಗ್ ತಪ್ಪಲು

ಅದನ್ನೂ ನೆಡಲಿ, ಖಂಡಿತ. ಆದರೆ ಇದನ್ನು ಕೀಳಿಸಬೇಡಿ. ಜೇಡ್ ಬಳ್ಳಿ ಕಾಡಿನಲ್ಲಿ ಹುಟ್ಟುವುದು ಫಿಲಿಪ್ಪೀನ್ಸಿನಲ್ಲಿ ಮಾತ್ರ. ಲುಜಾನ್, ಮಿಂಡೊರೊ, ಕಟಾಂಡುವಾನೆಸ್ ದ್ವೀಪಗಳು. 1838–42ರ ಅಮೆರಿಕನ್ ನೌಕಾಯಾನದವರು ಒಯ್ದ ಮಾದರಿಯಿಂದ ಸಸ್ಯವಿಜ್ಞಾನಿ ಏಸಾ ಗ್ರೇ 1854ರಲ್ಲಿ ಇದಕ್ಕೆ ವೈಜ್ಞಾನಿಕ ಹೆಸರಿಟ್ಟ. ಈಗ ಲಂಡನ್ನಿನ ಕ್ಯೂ ಉದ್ಯಾನದ ಗಾಜಿನ ಮನೆಯಲ್ಲೂ ಇದೆ, ನಿಮ್ಮ ಬಾವಿಕಟ್ಟೆಯಲ್ಲೂ ಇದೆ. ಇಲ್ಲಿ ಮಾತ್ರ ಕಾಡು ಹೋದ ಹಾಗೆ ಬಳ್ಳಿಯೂ ಹೋಗುತ್ತಿದೆ, ಬಾವಲಿಗಳ ಕಥೆಯೂ ಅಷ್ಟೇ. ಹೂಬಿಟ್ಟ ಬಳ್ಳಿ ಊರೂರಲ್ಲಿದ್ದರೂ ಕಾಯಿ ಸಿಗುವುದು ಅಪರೂಪ, ಅದಕ್ಕೇ ನರ್ಸರಿಯವರು ತುಂಡು ನೆಟ್ಟೋ ಗೂಟಿ ಕಟ್ಟಿಯೋ ಗಿಡ ಮಾಡುವುದು.

ಪುತ್ತೂರು ಭಟ್ರು

ಕಾಯಿ ಬೇಕಿದ್ದರೆ ಬಾವಲಿಯ ಕೆಲಸ ನಾವೇ ಮಾಡಬೇಕು, ಅಲ್ವಾ? ಹೂ ಬಂದ ಮೇಲೆ ಹೇಳಿ ಅಕ್ಕಾ, ನಮ್ಮದರ ಪರಾಗ ತಂದು ಕೊಡುವೆ. ಬೀಜ ಸಿಕ್ಕಿದರೆ ತಡ ಮಾಡದೆ ಬಿತ್ತಬೇಕಂತೆ, ಇಟ್ಟರೆ ಹುಟ್ಟುವುದಿಲ್ಲ.

ದರೆಮೇಲಿನ ಮನೆ

ಆಯ್ತು ಭಟ್ರೆ. ಪೈಪ್ ಚಪ್ಪರಕ್ಕೆ ಎಷ್ಟಾಗುತ್ತದೆ ಅಂತ ಕೇಳಿಸಿದ್ದೇನೆ. ಅತ್ತೆಗೆ ಮಲ್ಲಿಗೆ ಆ ಕಡೆ ಪಾಗಾರಕ್ಕೆ.