ಊರು ಬಿಟ್ಟವರ ಸಾಮಾನು ಕಾಪಿಡಲು ಪ್ರಾಗ್‌ನ ಕ್ರಮ ಕಾರವಾರಕ್ಕೆ ಹೊಂದೀತೆ?

ಕಾರವಾರದಿಂದ ಪ್ರಶ್ನೆ:
ಸೀಬರ್ಡ್ ನೌಕಾನೆಲೆ ಯೋಜನೆಗೆ ಮನೆ, ಗದ್ದೆ ಬಿಟ್ಟುಕೊಟ್ಟ ಕುಟುಂಬಗಳ ಫೋಟೊ, ಪಹಣಿ, ಕಂಚಿನ ಪಾತ್ರೆ, ಸೀರೆಗಳನ್ನು ಒಂದು ಕೋಣೆಯಲ್ಲಿ ಕೂಡಿಡುವ ಕೆಲಸ ನಡೆದಿದೆ. ಎರಡನೇ ಮಹಾಯುದ್ಧದ ನಂತರ ಪ್ರಾಗ್‌ನ ಯಹೂದಿ ಮ್ಯೂಸಿಯಂ ಕಾಪಾಡಿದ ಹಾನಾ ವೊಲಾವ್ಕೊವಾ ಅವರ ಕ್ರಮದಲ್ಲಿ ನಮಗೆ ಒದಗುವುದೇನು? ಮಳೆಗಾಲ ಹತ್ತಿರ ಬಂತು. ಗೋಡೆ ಚಿರೆಕಲ್ಲಿನದು.

ಶಿರಸಿಯಿಂದ:
ಮೊದಲು ಕಾರ್ಡು, ಆಮೇಲೆ ಕಪಾಟು. 1942ರಿಂದ ಇಂದಿನ ಜೆಕ್ ದೇಶದ ಬೊಹೆಮಿಯಾ, ಮೊರಾವಿಯಾ ಪ್ರಾಂತಗಳ ಯಹೂದಿ ಸಮುದಾಯಗಳ ಸಾಮಾನು ಪ್ರಾಗ್‌ಗೆ ಬಂದು ಬಿತ್ತು. ನಾಜಿಗಳ ಹಿಡಿತದಲ್ಲೇ ದುಡಿದ ಯಹೂದಿ ತಜ್ಞರು ಒಂದೊಂದಕ್ಕೂ ಸಂಖ್ಯೆ ಕೊಟ್ಟು, ಯಾವ ಊರಿನದೆಂದು ಕಾರ್ಡಿನಲ್ಲಿ ಬರೆದಿಟ್ಟರು. ಮ್ಯೂಸಿಯಂ ಸಂಗ್ರಹ ನೋಡಿಕೊಳ್ಳುತ್ತಿದ್ದ ಆ ತಜ್ಞರಲ್ಲಿ ಬದುಕುಳಿದದ್ದು ವೊಲಾವ್ಕೊವಾ ಒಬ್ಬರೇ. ಕಾರ್ಡುಗಳಿಲ್ಲದಿದ್ದರೆ ಅವರ ಕೈಗೆ ಸಿಗುತ್ತಿದ್ದುದು ಬರೀ ಬೆಳ್ಳಿ, ಬಟ್ಟೆ. 1964ರಲ್ಲಿ ಪ್ರಾಗ್‌ನಿಂದ ಲಂಡನ್ನಿಗೆ ಹೋದ 1,564 ತೋರಾ (ಯಹೂದಿ ಧರ್ಮಗ್ರಂಥ) ಸುರುಳಿಗಳ ಪೈಕಿ ಚೀಟಿ ಕಳಚಿದವಕ್ಕೆ ಊರೇ ಇಲ್ಲ, ಅವುಗಳನ್ನು ಅನಾಥ ಸುರುಳಿ ಎನ್ನುತ್ತಾರೆ.

ಸಂಖ್ಯೆಯನ್ನು ಕಾಗದದ ಹಿಂಬದಿಯ ಮೂಲೆಯಲ್ಲಿ 2ಬಿ ಪೆನ್ಸಿಲ್‌ನಿಂದ ಹಗುರವಾಗಿ ಬರೆಯಿರಿ. ಫೋಟೊ ಆದರೆ ಲಕೋಟೆಯ ಮೇಲೆ, ಅದೂ ಫೋಟೊ ಒಳಗೆ ಹಾಕುವ ಮೊದಲೇ. ಇಲ್ಲದಿದ್ದರೆ ಅಕ್ಷರದ ಒತ್ತು ಚಿತ್ರದ ಮೇಲೆ ಮೂಡುತ್ತದೆ. ಸೀರೆಗೆ ತೊಳೆದ ಹತ್ತಿ ಪಟ್ಟಿ, ಅಂಚಿಗೆ ಎರಡೇ ಹೊಲಿಗೆ. ಸೆಲ್ಲೊಟೇಪಿನ ಅಂಟು ಹಳದಿಯಾಗಿ ಕಾಗದದೊಳಗೇ ಇಳಿಯುತ್ತದೆ. ಲ್ಯಾಮಿನೇಶನ್ ಬೇಡವೇ ಬೇಡ, ಬಿಡಿಸಲಾಗದು.

ಅಂಕೋಲಾದಿಂದ:
ಗೋಡೆಯನ್ನು ನಂಬಬೇಡಿ. ಪ್ರಾಗ್‌ನ ಪಿಂಕಾಸ್ ಸಿನಗಾಗ್ (ಯಹೂದಿ ಪ್ರಾರ್ಥನಾ ಮಂದಿರ) ಗೋಡೆಗಳ ಮೇಲೆ 1950ರ ದಶಕದಲ್ಲಿ, ನಾಜಿಗಳು ಕೊಂದ ಯಹೂದಿಗಳ ಸುಮಾರು 80,000 ಹೆಸರು ಕೈಯಿಂದ ಬರೆದಿದ್ದರು. ಅಂತರ್ಜಲದ ತೇವ ಏರಿ 1968ರಲ್ಲಿ ಮುಚ್ಚಬೇಕಾಯಿತು. ಹೆಸರುಗಳನ್ನು ಮತ್ತೆ ಬರೆದದ್ದು 1992ರಿಂದ 1996ರ ನಡುವೆ. ಚಿರೆಕಲ್ಲೂ ನೀರು ಹೀರುತ್ತದೆ. ಕಪಾಟು ಗೋಡೆಯಿಂದ ಅರ್ಧ ಅಡಿ ದೂರ, ನೆಲದಿಂದ ಅಷ್ಟೇ ಎತ್ತರ ಇರಲಿ. ತೇವಾಂಶ ಶೇ. 65 ದಾಟಿದರೆ ಬೂಷ್ಟು ಹಿಡಿಯುತ್ತದೆ, ಮಳೆಯಲ್ಲಿ ಗಾಳಿಗೆಂದು ಕಿಟಕಿ ತೆರೆದರೆ ಹೊರಗಿನ ತೇವವೆಲ್ಲ ಒಳಗೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ, ಬಣ್ಣ ಬದಲಾಗುವ ಸಿಲಿಕಾ ಜೆಲ್ ಹರಳು ಇಟ್ಟು, ಬಣ್ಣ ತಿರುಗಿದ ಕೂಡಲೇ ಬದಲಿಸಿ. ನೆನೆದ ಕಾಗದಕ್ಕೆ ಬಿಸಿಲು ಬೇಡ. ಬ್ಲಾಟಿಂಗ್ ಪೇಪರ್ ಮೇಲೆ ಹರಡಿ ಫ್ಯಾನ್ ಹಾಕಿ.

ಕಾರವಾರದಿಂದ:
ಕಾರ್ಡಿನಲ್ಲಿ ಊರಿನ ಹೆಸರಷ್ಟೇ ಸಾಕೇ?

ಶಿರಸಿಯಿಂದ:
ಸಾಲದು. ಅಲ್ಲಿ ಸಾಮಾನು ಉಳಿಯಿತು, ಜನರನ್ನು ಕೊಂದರು. ಇಲ್ಲಿನದನ್ನು ಅದಕ್ಕೆ ಹೋಲಿಸಲಾಗದು. ಇಲ್ಲಿ ಹೇಳುವವರು ಇದ್ದಾರೆ. ಸಾಮಾನು ತಂದ ದಿನವೇ ಕೇಳಿ: ಯಾವ ಕೇರಿ, ಪಾತ್ರೆಗೆ ಮನೆಯಲ್ಲಿ ಏನನ್ನುತ್ತಿದ್ದರು, ಯಾವ ಹಬ್ಬಕ್ಕೆ ಹೊರಗೆ ತೆಗೆಯುತ್ತಿದ್ದರು. ಕೊಂಕಣಿಯಲ್ಲಿ ಹೇಳಿದರೆ ಕೊಂಕಣಿಯಲ್ಲೇ ಬರೆದುಕೊಳ್ಳಿ. ಕಾರ್ಡುಗಳ ಇನ್ನೊಂದು ಪ್ರತಿ ಬೇರೆ ಕಟ್ಟಡದಲ್ಲಿರಲಿ.