ಗೋ-ಕಾರ್ಟ್ ನೇರ ರೋಡಿನ್ಯಾಗೂ ಓಡವಲ್ದು, ಮೊದಲ ರೇಸಿಗೆ 19 ದಿನ ಉಳದಾವ. ಸಹಾಯ ಬೇಕ್ರಿ

ಪ್ರಶ್ನೆ (ಕಲಬುರಗಿ)

ಎಲ್ಲರಿಗೂ ನಮಸ್ಕಾರ್ರಿ. ನಾವು ಮೆಕ್ಯಾನಿಕಲ್ ಕೊನೀ ವರ್ಷದ ಹುಡುಗರು, 14 ಮಂದಿ ಕೂಡಿ ಮೊದಲ ಸಲ ಗೋ-ಕಾರ್ಟ್ ಕಟ್ಟೀವಿ. ಇನ್ನ 19 ದಿನಕ್ಕ ಕೊಯಮತ್ತೂರಿನಾಗ ರೇಸ್ ಅದ. ಗಾಡಿ ಚಾಲೂ ಆಗ್ತದ, ತಿರುಗ್ತದ, ನಿಲ್ತದ, ಆದ್ರ ಓಡವಲ್ದು.

150 ಸಿಸಿ ಬೈಕ್ ಎಂಜಿನ್, ಕಾರ್ಬುರೇಟರ್, ಐದು ಗೇರ್. ಹಿಂದಿನ ಆಕ್ಸಲ್‌ಗೆ ಒಂದೇ ಡಿಸ್ಕ್ ಬ್ರೇಕ್, ಕ್ಯಾಲಿಪರ್ ಬೈಕಿಂದು. ಡ್ರೈವರ್ ಕೂತರ 186 ಕೆಜಿ. ಊರ ಹೊರಗ ಒಂದು ಹೊಸ ಲೇಔಟ್ ಅದ, ಡಾಂಬರ್ ಆಗ್ಯದ, ಮನಿ ಇನ್ನೂ ಎದ್ದಿಲ್ಲ. ಮಾಲಕರನ್ನ ಕೇಳಿ, ಎರಡೂ ಕಡಿ ದಾರಿ ಬಂದ್ ಮಾಡಿ, ಹಳೀ ಟೈರ್ ಇಟ್ಟು 400 ಮೀಟರಿನ ಸುತ್ತು ಮಾಡ್ಕೊಂಡೀವಿ. ನಮ್ಮ ಎಲ್ಲಕ್ಕಿಂತ ಛಲೋ ಟೈಮ್ 41.3 ಸೆಕೆಂಡ್. ಕಳದ ಐತಾರ ಬೀದರಿನ ಒಂದು ಕಾಲೇಜಿನವರು ತಮ್ಮ ಗಾಡಿ ತಂದಿದ್ರು, ಅದೂ 150 ಸಿಸಿನೇ. ನಮ್ಮ ಡ್ರೈವರನ್ನೇ ಅದ್ರಾಗ ಕೂಡಿಸಿದ್ವಿ. ಮೂರನೇ ಸುತ್ತಿಗೇ 37.2 ಬಂತು. ಅಂದ್ರ ತಪ್ಪು ಹುಡುಗಂದಲ್ಲ, ಗಾಡೀದು.

ಹೊಸ ಪ್ಲಗ್ ಹಾಕೀವಿ, ವಾಲ್ವ್ ಕ್ಲಿಯರೆನ್ಸ್ ನೋಡೀವಿ, ಹಿಂದಿನ ಸ್ಪ್ರಾಕೆಟ್ ಎರಡು ಸಲ ಬದಲಿ ಮಾಡೀವಿ. ನಾಲ್ಕನೇ ಗೇರಿನ್ಯಾಗ 6,500 ಆರ್‌ಪಿಎಂ ದಾಟವಲ್ದು. ಕ್ಲಚ್ ಜಾರಂಗಿಲ್ಲ. ಎಂಜಿನ್ ಬಿಚ್ಚೋಣ ಅಂತಾರ ನಮ್ಮ ಸರ್. ಬಿಚ್ಚಿದ್ರ ಹತ್ತು ದಿನ ಹೋದಂಗೇ. ಏನ್ ಮಾಡಬೇಕು ಹೇಳ್ರಿ.

ಉತ್ತರ (ಯಾದಗಿರಿ)

ನಮ್ಮ ಬಿಸಿಲಿಗೆ ಮಿಕ್ಸ್ಚರ್ ರಿಚ್ ಆಗ್ತದ, ಅಂದ್ರ ಗಾಳಿಯೊಳಗ ಪೆಟ್ರೋಲಿನ ಪಾಲು ಹೆಚ್ಚಾಗ್ತದ. 40 ಡಿಗ್ರಿ ಗಾಳಿ 25 ಡಿಗ್ರಿ ಗಾಳಿಕಿಂತ ಸುಮಾರು 5 ಪರ್ಸೆಂಟ್ ತೆಳ್ಳಗ ಇರ್ತದ, ಪೆಟ್ರೋಲ್ ಮಾತ್ರ ಹೆಚ್ಚುಕಡಿಮಿ ಮೊದಲಿನಷ್ಟೇ ಬೀಳ್ತದ. ಕಾರ್ಬುರೇಟರಿನ ಮೇನ್ ಜೆಟ್ (ಪೆಟ್ರೋಲ್ ಬರೋ ತೂತಿನ ತುಂಡು) ಒಂದು ನಂಬರ್ ಸಣ್ಣದು ಹಾಕಿ ನೋಡ್ರಿ. ಪ್ಲಗ್ ಯಾವ ಬಣ್ಣ ಅದ?

ಕಲಬುರಗಿ

ಇಟ್ಟಂಗಿ ಬಣ್ಣ ಅದರಿ. ಮಸಿ ಇಲ್ಲ.

ಉತ್ತರ (ಬೀದರ್, ಬೈಕ್ ಗ್ಯಾರೇಜ್)

ಪ್ಲಗ್ ಇಟ್ಟಂಗಿ ಬಣ್ಣ ಇದ್ರ ಪೆಟ್ರೋಲ್ ಸರಿಯಾಗೇ ಉರೀಲಾಕತ್ತದ, ಎಂಜಿನ್ ಮುಟ್ಟಬ್ಯಾಡ್ರಿ ತಮ್ಮಾ. ಬಿಸಿಲು ಆ ಇನ್ನೊಂದು ಗಾಡಿಗೂ ಅಷ್ಟೇ ಬಡದದ, ಅದು ಓಡ್ಯದಲ್ಲ. ನಿಮ್ಮ ಗಾಡೀನ ಯಾವುದೋ ಹಿಡದು ನಿಲ್ಲಿಸ್ಲಾಕತ್ತದ.

ಒಂದು ಕೆಲಸ ಮಾಡ್ರಿ. ಚೀಲ ತೂಗೋ ಡಿಜಿಟಲ್ ಕಾಟಾ ಇರ್ತದಲ್ಲ, ಕೊಕ್ಕಿ ಇರೋದು, ಅದನ್ನ ತರ್ರಿ. ಡ್ರೈವರ್ ಕೂಡ್ಲಿ. ಚೈನ್ ತಗೀರಿ. ಸಪಾಟ ಜಾಗದಾಗ ಮುಂದಿನ ಬಂಪರಿಗೆ ಕೊಕ್ಕಿ ಹಾಕಿ ಮೆಲ್ಲಕ ಎಳೀರಿ. ಗಾಡಿ ಒಂದೇ ಸಮ ಉರುಳ್ಲಾಕತ್ತಾಗ ಕಾಟಾ ಎಷ್ಟು ತೋರಸ್ತದ ಬರಕೊಳ್ರಿ. ನಿಮ್ಮ ವಜ್ಜಕ್ಕ 4ರಿಂದ 5 ಕೆಜಿ ಬರಬೇಕು. ಆಮ್ಯಾಲ ಐದು ಸುತ್ತು ಜೋರಾಗಿ ಹೊಡದು, ತಡಾ ಮಾಡದೆ ಮತ್ತ ಎಳದು ನೋಡ್ರಿ. ಎರಡನೇ ಲೆಕ್ಕನೇ ಮುಖ್ಯ.

ಕಲಬುರಗಿ

ಗೆಳೆಯರ ದಾಲ್ ಮಿಲ್ಲಿನಿಂದ ಕಾಟಾ ತಂದ್ವಿ. ತಣ್ಣಗ ಇದ್ದಾಗ 6.2 ಕೆಜಿ. ಐದು ಸುತ್ತು ಆದಮ್ಯಾಲ 11.8!! ಡಿಸ್ಕ್ ಅಂಚು ನೀಲಿ ಆಗ್ಯದ. ಬಾಟ್ಲಿಯಿಂದ ಎರಡು ಹನಿ ನೀರು ಬಿಟ್ಟರ ಚುಂಯ್ ಅಂತ ಹಾರಿ ಹೋಯ್ತು. ಇಷ್ಟು ದಿನ ನಾವ್ಯಾರೂ ಆ ಕಡಿ ಬಗ್ಗಿ ನೋಡಿದ್ದಿಲ್ಲ.

ಬೀದರ್

ಸಿಕ್ತು ನೋಡ್ರಿ. ಲೆಕ್ಕಾ ಹಾಕ್ರಿ: 7 ಕೆಜಿ ಹೆಚ್ಚಿನ ಎಳೆತ ಅಂದ್ರ 60 ಕಿಲೋಮೀಟರ್ ವೇಗದಾಗ ಒಂದೂವರೆ ಹಾರ್ಸ್‌ಪವರ್ ಬರೇ ಬ್ರೇಕ್ ಕಾಸ್ಲಾಕ ಹೋಗ್ಲಾಕತ್ತದ.

ಬ್ರೇಕ್ ಪೆಡಲಿಗೂ ಮಾಸ್ಟರ್ ಸಿಲಿಂಡರಿಗೂ (ಬ್ರೇಕ್ ಆಯಿಲ್ ಒತ್ತೋದು) ನಡಕ ಪುಶ್‌ರಾಡ್ ಅದಲ್ಲ, ಅದಕ್ಕ ಆಟ, ಅಂದ್ರ ಸಡಿಲು, ಎಷ್ಟು ಬಿಟ್ಟೀರಿ? ಪೆಡಲ್ ಗಟ್ಟಿ ಇರಲಿ ಅಂತ ಆಟ ಪೂರಾ ತಗದಿರ್ತೀರಿ. ಮಾಸ್ಟರ್ ಸಿಲಿಂಡರಿನ್ಯಾಗ ಸೂಜಿ ಮೊನೆಯಷ್ಟು ಸಣ್ಣ ತೂತು ಅದ. ಕಾಲು ತಗದಾಗ ಪಿಸ್ಟನ್ನಿನ ರಬ್ಬರ್ ಕಪ್ ಆ ತೂತು ದಾಟಿ ಹಿಂದ ಸರಿಬೇಕು, ಅಂದಾಗ ಬಿಸಿಗೆ ಉಬ್ಬಿದ ಆಯಿಲ್ ಡಬ್ಬಿಗೆ ವಾಪಸ್ ಹೋಗ್ತದ. ಆಟ ಇಲ್ಲಂದ್ರ ಕಪ್ ಅಲ್ಲೇ ನಿಂತು ತೂತು ಮುಚ್ಚಿಬಿಡ್ತದ. ಆಯಿಲ್‌ಗೆ ಹೋಗ್ಲಾಕ ದಾರಿ ಇಲ್ಲ, ಪ್ಯಾಡ್ ಡಿಸ್ಕ್ ಒತ್ತತದ, ಡಿಸ್ಕ್ ಇನ್ನಷ್ಟು ಕಾಯ್ತದ, ಆಯಿಲ್ ಇನ್ನಷ್ಟು ಉಬ್ತದ.

ಪುಶ್‌ರಾಡಿಗೆ 2 ಮಿಲಿಮೀಟರ್ ಆಟ ಬಿಡ್ರಿ. ಪೆಡಲಿಗೆ ಗಟ್ಟಿ ರಿಟರ್ನ್ ಸ್ಪ್ರಿಂಗ್ ಹಾಕ್ರಿ. ಕ್ಯಾಲಿಪರ್ ಪಿನ್ ತಗದು ಧೂಳು ಒರಸಿ ಬ್ರೇಕಿನ ಗ್ರೀಸ್ ಹಚ್ರಿ. ಕುದ್ದ ಆಯಿಲ್ ಪೂರಾ ಚೆಲ್ಲಿ ಹೊಸದು ತುಂಬಿ, ಪೈಪಿನ್ಯಾಗಿನ ಗಾಳಿ ಹೊರಗ ತಗೀರಿ.

ಕಲಬುರಗಿ

ಅಣ್ಣಾರ, ನೀವು ಹೇಳಿದ್ದೇ ಖರೆ. ಆಟ ಒಂದು ಎಳಿಯಷ್ಟೂ ಇದ್ದಿಲ್ಲ. ಈಗ ತಣ್ಣಗ 4.7, ಬಿಸಿಗೆ 5.1. ಟೈಮ್ 39.0! ರಾತ್ರಿ ಯಾರಿಗೂ ನಿದ್ದಿ ಬರ್ಲಿಲ್ಲ.

ಆದ್ರ ಇನ್ನೊಂದು ಉಳದದ. ತಿರುವಿನ್ಯಾಗ ಮುಂದಿನ ಗಾಲಿ ತಿರುಗಿದ್ರೂ ಗಾಡಿ ನೇರ ಹೊಂಟಂಗ ಆಗ್ತದ, ಆರ್‌ಪಿಎಂ ಧಪ್ ಅಂತ ಬೀಳ್ತದ, ಹಿಂದಿನ ಟೈರ್ ಕಿರ್ ಕಿರ್ ಅಂತಾವ. ನೇರ ದಾರಿಗೆ ಬಂದಮ್ಯಾಲೂ ಎಂಜಿನ್ ಮೇಲೇಳ್ಲಾಕ ಭಾಳ ಹೊತ್ತು ಹಿಡೀತದ.

ಉತ್ತರ (ಊರು ಆಳಂದ, ಕೆಲಸ ಕೊಯಮತ್ತೂರು)

ಬ್ರೇಕಿನ ಉತ್ತರ ಓದಿ ಖುಷಿಯಾಯಿತು. ಈಗ ನೀವು ಹೇಳುತ್ತಿರುವುದು ಕಾರ್ಟಿನ ಹುಟ್ಟುಗುಣ. ಕಾರ್ಟಿಗೆ ಡಿಫರೆನ್ಷಿಯಲ್ (ಎರಡು ಗಾಲಿ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ಇಲ್ಲ, ಹಿಂದಿನ ಎರಡೂ ಗಾಲಿ ಒಂದೇ ಆಕ್ಸಲ್‌ಗೆ ಬಿಗಿದಿರುತ್ತವೆ. ತಿರುವಿನಲ್ಲಿ ಒಳಗಿನ ಗಾಲಿ ಕಡಿಮೆ ದೂರ ಹೋಗಬೇಕು, ಆದರೆ ಹೊರಗಿನದರಷ್ಟೇ ತಿರುಗುತ್ತದೆ. ಹಾಗಾಗಿ ಅದು ನೆಲ ಬಿಟ್ಟು ಒಂದಿಷ್ಟು ಏಳಬೇಕು. ಏಳದಿದ್ದರೆ ಟೈರು ನೆಲಕ್ಕೆ ಉಜ್ಜಿ ಎಂಜಿನ್ನಿನ ಉಸಿರು ಕಟ್ಟಿಸುತ್ತದೆ. ಎಬ್ಬಿಸುವ ಕೆಲಸ ಮುಂದಿನ ಗಾಲಿಗಳದು: ಸ್ಟೀರಿಂಗ್ ತಿರುಗಿಸಿದಾಗ ಕ್ಯಾಸ್ಟರ್ ಕೋನದಿಂದ (ಮುಂಗಾಲಿ ಹೊರಳುವ ಪಿನ್ ಹಿಂದಕ್ಕೆ ವಾಲಿರುವ ಕೋನ) ಒಳಗಿನ ಮುಂಗಾಲಿ ಕೆಳಕ್ಕೆ ಒತ್ತಿ, ಚಾಸಿಯ ಆ ಮೂಲೆಯನ್ನು ಎತ್ತುತ್ತದೆ.

ಮುಂದಿನ ಗಾಲಿಗಳನ್ನು ಸ್ಪೇಸರ್ ಹಾಕಿ ಎರಡೂ ಕಡೆ 10-10 ಮಿಲಿಮೀಟರ್ ಹೊರಕ್ಕೆ ತಂದು ನೋಡಿ. ಏಳುವುದು ಹೆಚ್ಚುತ್ತದೆ. ಟೋ, ಅಂದರೆ ಮೇಲಿಂದ ನೋಡಿದಾಗ ಮುಂದಿನ ಗಾಲಿಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ, ಎಷ್ಟಿದೆ? ಅಳೆಯುವ ನೆಲ ಸಮ ಇದೆಯಾ? ಫರಸಿ ಹಾಸಿದ ವರ್ಕ್‌ಶಾಪ್ ಆದರೆ ಕಣ್ಣಿಗೆ ಸಮ ಕಂಡರೂ ಇರುವುದಿಲ್ಲ. ಗೌಂಡಿಯವರ ನೀರಿನ ಪೈಪ್ ತಂದು ನಾಲ್ಕೂ ಗಾಲಿಯ ಕೆಳಗೆ ಲೆವೆಲ್ ನೋಡಿ, ತಗ್ಗಿದ್ದಲ್ಲಿ ತಗಡಿನ ತುಂಡು ಇಟ್ಟು, ಆಮೇಲೆ ದಾರ ಕಟ್ಟಿ ಅಳೆಯಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಚಾಸಿಯ ಪೈಪ್ ಮಾತ್ರ ಕತ್ತರಿಸಲು ಹೋಗಬೇಡಿ, ತಾಂತ್ರಿಕ ತಪಾಸಣೆಯಲ್ಲಿ ಸಿಕ್ಕಿಬೀಳುತ್ತೀರಿ.

ಇನ್ನೊಂದು ಮಾತು, ಓಡಿಸುವುದನ್ನು ನಿಲ್ಲಿಸಬೇಡಿ. 2010ರಲ್ಲಿ ಎಚ್‌ಆರ್‌ಟಿ ಎಂಬ ಹೊಸ ತಂಡ ಫಾರ್ಮುಲಾ 1ಕ್ಕೆ ಬಂದಾಗ, ಬಹರೇನ್‌ನಲ್ಲಿ ಕರುಣ್ ಚಂಧೋಕ್ ತಮ್ಮ ಕಾರನ್ನು ಮೊದಲ ಸಲ ಓಡಿಸಿದ್ದೇ ಅರ್ಹತಾ ಸುತ್ತಿನಲ್ಲಿ. ಮರುವರ್ಷ ಮೆಲ್ಬೋರ್ನ್‌ನಲ್ಲಿ ಅದೇ ತಂಡದ ಎರಡೂ ಕಾರು, ನಾರಾಯಣ್ ಕಾರ್ತಿಕೇಯನ್ ಅವರದೂ ಸೇರಿ, 107 ಪರ್ಸೆಂಟ್ ಮಿತಿಯೊಳಗೆ (ಅರ್ಹತಾ ಸುತ್ತಿನ ಮೊದಲ ಹಂತದ ಅತಿ ವೇಗದ ಟೈಮಿನ 107 ಪರ್ಸೆಂಟ್) ಬರದೆ ರೇಸಿಗೇ ಇಳಿಯಲಿಲ್ಲ. ಚಾಲಕರು ಸಣ್ಣವರೇನಲ್ಲ, ಕಾರು ಓಡಿದ ಸುತ್ತುಗಳೇ ಸಾಲದಾಗಿದ್ದವು. ಎಂಜಿನ್ ಬಿಚ್ಚಿ ಹತ್ತು ದಿನ ಕಳೆಯುವ ಬದಲು ಆ ಹತ್ತು ದಿನ ಗಾಡಿ ಓಡಿಸಿ.

ಕಲಬುರಗಿ

ನೀರಿನ ಪೈಪ್ ಹಿಡದು ನೋಡಿದ್ರ ಒಂದು ಮೂಲಿ 6 ಮಿಲಿಮೀಟರ್ ತಗ್ಗು ಇತ್ತರಿ! ಸರಿ ಮಾಡಿ ಅಳದ್ರ ಟೋ-ಔಟ್ 9 ಮಿಲಿಮೀಟರ್. 2ಕ್ಕ ತಂದ್ವಿ, ಅದೊಂದಕ್ಕೇ 38.4. ಮರುದಿನ ಸ್ಪೇಸರ್ ಹಾಕಿದ್ವಿ, 37.6. ಒಬ್ಬ ಗೆಳೆಯ ತಿರುವಿನ್ಯಾಗ ನೆಲಕ್ಕ ಮಲಗಿ ವಿಡಿಯೋ ಮಾಡಿದ. ಒಳಗಿನ ಗಾಲಿ ಕೆಳಗ ಬೆಳಕು ಕಾಣಸ್ತದ, ಒಂದು ಬೆರಳು ಹಿಡಿಯೋವಷ್ಟು. ಅದನ್ನ ಎಷ್ಟು ಸಲ ನೋಡೀವೋ ಲೆಕ್ಕಿಲ್ಲ. ನಿನ್ನಿ ಒಮ್ಮೆನೂ ನಿಲ್ಲಸದೆ 22 ಸುತ್ತು ಓಡ್ಯದ. ಸರ್ ಅವರೂ ಎಂಜಿನ್ ಮಾತು ಬಿಟ್ಟಾರ. ಬರೋ ಬುಧವಾರ ಲಾರಿಗೆ ಹಾಕ್ತೀವಿ.

ಬೀದರ್

ಲಾರಿಗೆ ಹಾಕೋದ್ರಕಿಂತ ಮೊದಲ ಪುಶ್‌ರಾಡಿನ ಲಾಕ್ ನಟ್ ಬಿಗಿದು, ನಟ್‌ಗೂ ರಾಡಿಗೂ ಕೂಡೇ ಬಿಳೀ ಪೇಂಟಿನ ಗೆರಿ ಹೊಡೀರಿ. ಲಾರಿ ಕುಲುಕಾಟಕ್ಕ ಅದು ಸರೀತದ. ಅಲ್ಲಿ ಇಳಿಸಿದ ಕೂಡ್ಲೇ ಗೆರಿ ನೋಡ್ರಿ. ಮುರದಿದ್ರ ಆಟ ಮತ್ತ ಅಳೀದೆ ಗಾಡಿ ಟ್ರ್ಯಾಕಿಗೆ ಬಿಡಬ್ಯಾಡ್ರಿ. ಕಾಟಾನೂ ಜೋಡಿಗೇ ಒಯ್ರಿ.